ಒಂದು ಕೈ ಹೆಚ್ಚಿನ ಹೊಳಪು

ಮಾವನಿಗೆ ಮಂಕು ಕಂಡರೆ ಆಗುತ್ತಿರಲಿಲ್ಲ. ಮನೆಯಲ್ಲಿ ನಲ್ಲಿಯ ತಿರುಪು, ಬಾಗಿಲ ಚಿಲಕ, ಅತ್ತೆಯ ಕನ್ನಡಕ, ಕೈಗೆ ಸಿಕ್ಕಿದ್ದನ್ನೆಲ್ಲ ಉಜ್ಜುತ್ತಲೇ ಇರುತ್ತಿದ್ದರು. ಸದ್ಯ, ನನ್ನೊಬ್ಬಳನ್ನು ಬಿಟ್ಟಿದ್ದಾರೆ ಎಂದು ಅತ್ತೆ ನಗುತ್ತಿದ್ದರು. ಕಾರ್ಖಾನೆಯಲ್ಲಂತೂ ಅವರ ಉದ್ಯೋಗವೇ ಅದು. ಕರಗಿದ ಪ್ಲಾಸ್ಟಿಕ್ ಉಕ್ಕಿನ ಅಚ್ಚಿನೊಳಗೆ ಹೋಗಿ ಗಟ್ಟಿಯಾಗುವಾಗ ಅಚ್ಚಿನ ಮೈ ಹೇಗಿದೆಯೋ ತಾನೂ ಹಾಗೇ ಆಗುತ್ತದೆ. ಅಚ್ಚಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಹೊರಬರುವ ಪ್ರತಿಯೊಂದರ ಮೇಲೂ ಅದೇ ಗೀರು. ಆ ಅಚ್ಚುಗಳಿಗೆ ಕೊನೆಯ ಪಾಲಿಶ್ ಮಾಡುವವರು ಮಾವ. ಅಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದರು.

ಅದೇ ಕಾರ್ಖಾನೆಯ ತಪಾಸಣೆ ಮೇಜಿಗೆ ಸೊಸೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ ಮಾವನ ಸ್ಕೂಟರಿನ ಹಿಂದೆ ಕೂತು ಹೋಗುವಳು, ಸಂಜೆ ಹಾಗೇ ಬರುವಳು. ದಾರಿಯುದ್ದಕ್ಕೂ ಮಾಲೀಕರ ಜಿಪುಣತನದಿಂದ ಹಿಡಿದು ಅವಳ ಗಂಡನ ಗೊರಕೆಯವರೆಗೆ ಇಬ್ಬರೂ ಎಲ್ಲವನ್ನೂ ಆಡಿಕೊಳ್ಳುವರು. ತವರಿನಲ್ಲಿ ಅಪ್ಪನ ಮುಂದೆ ತುಟಿ ಪಿಟಕ್ಕೆನ್ನದೆ ಬೆಳೆದವಳಿಗೆ ಹೀಗೆ ಮಾತಾಡಬಹುದಾದ ಹಿರಿಯರೊಬ್ಬರು ಸಿಕ್ಕಿದ್ದು ದೊಡ್ಡ ಭಾಗ್ಯವೆನಿಸಿತ್ತು.

ಈ ಸಲ ಬಂದ ಕೆಲಸ ಕೈ ನಡುಗುವ ರೋಗಿಗಳಿಗೆ ಲೋಟ. ಮಾರಾಟಕ್ಕೆ ಬಿಡುವ ಮೊದಲು ಪರೀಕ್ಷಾ ಮಂಡಳಿಯ ಒಪ್ಪಿಗೆ ಬೇಕಿತ್ತು. ಒಳಮೈ ಕನ್ನಡಿಯಂತಿರಬೇಕು, ಹಾಲೋ ಔಷಧಿಯೋ ಅಂಟಿಕೊಂಡು ಉಳಿಯಬಾರದು. ಹೊರಮೈ ಮಾತ್ರ ಮಂಕಾಗಿ, ಸಣ್ಣಗೆ ತರಿತರಿಯಾಗಿರಬೇಕು, ಒದ್ದೆ ಬೆರಳಿಗೂ ಹಿಡಿತ ಸಿಗಬೇಕು ಎಂಬುದು ನಿಯಮ. ಎಷ್ಟು ಮಂಕು ಎಂದು ತೋರಿಸಲು ಮಂಡಳಿಯವರು ಒಂದು ಮಾದರಿ ಫಲಕವನ್ನೇ ಕೊಟ್ಟಿದ್ದರು. ಅದರ ಮೇಲೆ ಸಾಲಾಗಿ ಪ್ಲಾಸ್ಟಿಕ್ ಚೌಕಗಳು, ಒಂದು ತುದಿಯದು ಮಿರಮಿರ ಮಿಂಚುವುದು, ಇನ್ನೊಂದು ತುದಿಯದು ಒರಟು. ಲೋಟದ ಹೊರಮೈ ನಡುವಿನ ಚೌಕಕ್ಕೆ ಹೊಂದಬೇಕು.

ಮೊದಲ ಲೋಟಗಳು ಮೇಜಿಗೆ ಬಂದಾಗ ಅವಳು ಒಂದನ್ನು ತಿರುಗಿಸಿ ನೋಡಿದಳು. ಒಳಗೂ ಥಳಥಳ, ಹೊರಗೂ ಥಳಥಳ. ಅಚ್ಚಿನ ನಕ್ಷೆಯಲ್ಲಿ ಬರೆದಿದ್ದ ಈ ನಿಯಮವನ್ನು ಮಾವ ಓದಿರಲಿಲ್ಲವೆಂದಲ್ಲ. ಓದಿ, ಪಾಪ, ಇವರಿಗೆ ಇಷ್ಟೇ ಸಾಕೆನಿಸಿರಬೇಕು, ನಾವು ಒಂದು ಕೈ ಹೆಚ್ಚೇ ಮಾಡಿಕೊಡೋಣ ಎಂದುಕೊಂಡಿದ್ದರು. ಹೊಳಪು ಜಾಸ್ತಿಯಾಯಿತೆಂದು ಅವರ ಕೆಲಸವನ್ನು ಈವರೆಗೆ ಯಾರೂ ಹಿಂದಿರುಗಿಸಿದ್ದಿಲ್ಲ. ಈಗಲೂ ಶಭಾಷ್‌ಗಿರಿಗೆ ಕಾಯುತ್ತ ಮೇಜಿನ ಪಕ್ಕದಲ್ಲೇ ನಗುಮುಖದಿಂದ ನಿಂತಿದ್ದರು.

ಮಾಲೀಕರೂ ಬಂದರು. ಕೇಳಿದ್ದಕ್ಕಿಂತ ಚೆನ್ನಾಗಿ ಮಾಡಿಕೊಟ್ಟರೆ ಬೇಡವೆನ್ನುವವರುಂಟೇ, ಹೀಗೇ ಕಳಿಸಿಬಿಡು ಎಂದರು. ಅವಳಿಗೂ ಹಾಗೇ ಮಾಡಿಬಿಡುವ ಆಸೆಯಾಯಿತು. ಹೂಂ ಅಂದುಬಿಟ್ಟರೆ ಸಂಜೆ ಸ್ಕೂಟರಿನಲ್ಲಿ ಎಂದಿನಂತೆ ನಗುತ್ತ ಹೋಗಬಹುದು. ಆದರೆ ಅವಳು ಸೋಪಿನ ನೀರಿನಲ್ಲಿ ಬೆರಳದ್ದಿ, ಲೋಟದ ತುಂಬ ನೀರು ತುಂಬಿ ಎತ್ತಿದಳು. ಅದು ಮೀನಿನಂತೆ ಜಾರಿ ಮಾಲೀಕರ ಪ್ಯಾಂಟು ತೊಯ್ಯಿಸಿತು.

ಲೋಟದ್ದೇನೂ ತಪ್ಪಿಲ್ಲ, ನಿನ್ನ ಕೈಯೇ ಗಡಗಡ ನಡುಗುತ್ತಿದೆ ಎಂದು ಮಾಲೀಕರು ಗದರಿದರು. ನಿಜಕ್ಕೂ ನಡುಗುತ್ತಿತ್ತು.

"ನಡುಗೋ ಕೈಗೇ ಅಲ್ವಾ ಸಾರ್ ಈ ಲೋಟ ಮಾಡ್ತಿರೋದು?" ಎಂದಳು ಅವಳು.

ಮಾಲೀಕರು ಪ್ಯಾಂಟು ಒರೆಸಿಕೊಂಡರು. ಅವಳು ಮಾವನ ಮುಖ ನೋಡದೆ, ಬೇಡ ಎಂಬರ್ಥದ ಕೆಂಪು ಚೀಟಿಯನ್ನು ಅಚ್ಚಿಗೆ ಅಂಟಿಸಿದಳು. ತಲೆಯೆತ್ತಿದಾಗ ಮಾವ ಅಲ್ಲಿರಲಿಲ್ಲ.

ಸಂಜೆ ಸ್ಕೂಟರ್ ಮಾತಿಲ್ಲದೆ ಮನೆ ಸೇರಿತು. ಮಾವ ಊಟದಲ್ಲೂ ತಟ್ಟೆ ಬಿಟ್ಟು ಕಣ್ಣೆತ್ತಲಿಲ್ಲ. ಗಂಡ ಯಾರ ಪಕ್ಷವನ್ನೂ ವಹಿಸದೆ, ಇಸ್ತ್ರಿಯಾದ ಅಂಗಿಗೇ ಮತ್ತೆ ಇಸ್ತ್ರಿ ಹಾಕುತ್ತ ನಿಂತ. ಅತ್ತೆ ಎಲ್ಲ ಕೇಳಿ ತಿಳಿದುಕೊಂಡು, "ಅತ್ತೆ-ಸೊಸೆ ಜಗಳ ಊರಿಗೆಲ್ಲ ಗೊತ್ತು. ಮಾವ-ಸೊಸೆ ಮುನಿಸ್ಕೊಂಡಿದ್ದು ನಮ್ಮನೇಲೇ ಮೊದಲು ಕಣೇ" ಎಂದರು. ಅವಳಿಗೆ ನಗು ಬರಲಿಲ್ಲ. ಈ ಕೆಲಸ ಹೋದರೆ ಇನ್ನೊಂದು ಸಿಕ್ಕೀತು, ಇಂಥ ಮಾವ ಎಲ್ಲಿ ಸಿಗುತ್ತಾರೆ ಎಂದು ಸಂಕಟಪಟ್ಟಳು.

ಬೆಳಿಗ್ಗೆ ಎದ್ದು ನೋಡಿದರೆ ಸ್ಕೂಟರ್ ಇರಲಿಲ್ಲ. ಮಾವ ಅವಳನ್ನು ಬಿಟ್ಟೇ ಹೋಗಿದ್ದರು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, ಅತ್ತುಬಿಡಬಾರದೆಂದು ಹಲ್ಲು ಕಚ್ಚಿಕೊಂಡು ಕಾರ್ಖಾನೆ ತಲುಪಿದಳು.

ಉಳಿದವರಿನ್ನೂ ಬಂದಿರಲಿಲ್ಲ. ಮಾವ ಒಬ್ಬರೇ ದೀಪದ ಕೆಳಗೆ ಬಗ್ಗಿ, ತಾವೇ ಮಿಂಚಿಸಿದ್ದ ಉಕ್ಕನ್ನು ಒರಟು ಕಲ್ಲಿನಿಂದ ಉಜ್ಜಿ ಮಂಕು ಮಾಡುತ್ತಿದ್ದರು. ಮುಖ ಮಾತ್ರ ಸಾಕಿದ ಮಗುವಿಗೆ ಏಟು ಹಾಕುವವರ ಹಾಗಿತ್ತು. ನಾಲ್ಕು ಜನರೆದುರು ಈ ಕೆಲಸ ನನ್ನ ಕೈಲಿ ಆಗುತ್ತಿರಲಿಲ್ಲ, ಅದಕ್ಕೇ ಬೇಗ ಬಂದೆ ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಆಮೇಲೆ ತರಿ ಮೂಡಲೆಂದು ಅಚ್ಚಿನ ಮೈಗೆ ಗಾಳಿಯ ರಭಸದಲ್ಲಿ ಸಣ್ಣ ಗಾಜಿನ ಮಣಿಗಳನ್ನು ಹೊಡೆಸಿ, ಯಂತ್ರಕ್ಕೆ ಕೂರಿಸಿ, ಹೊರಬಂದ ಬಿಸಿ ಲೋಟವನ್ನು ತಾವೇ ತಂದು ಅವಳ ಮೇಜಿನ ಮೇಲಿಟ್ಟರು.

ಅವಳು ಫಲಕ ಹಿಡಿದು ನೋಡಿದಳು. ಅಂಚಿನ ಕೆಳಗೆ ಒಂದು ಗೆರೆ ಇನ್ನೂ ಮಿಂಚುತ್ತಿತ್ತು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ, "ಇಲ್ಲಿ ಇನ್ನೂ ಸ್ವಲ್ಪ ಬೇಕು, ಮಾವ" ಎಂದಳು. ಮಾವ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಒಯ್ದರು. ಅಚ್ಚನ್ನು ಮತ್ತೆ ತಿದ್ದಿ ಅವರು ತಂದ ಹೊಸ ಲೋಟ ಚೌಕಕ್ಕೆ ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲದೆ ಹೊಂದಿತು.

ಮಂಡಳಿಯ ಅಧಿಕಾರಿ ಬಂದು, ಒದ್ದೆ ಬೆರಳಿನಿಂದ ಲೋಟ ಎತ್ತಿ ಇಳಿಸಿ, ಒಪ್ಪಿಗೆ ಕೊಟ್ಟು ಹೋದರು. ಹಿಗ್ಗಿನಲ್ಲಿದ್ದ ಮಾಲೀಕರು, ಮನೆಯ ಸೊಸೆಯೇ ಎಲ್ಲರೆದುರು ಕಿವಿ ಹಿಂಡಿದಳಲ್ಲ ಮೇಸ್ತ್ರಿ ಎಂದು ಮಾವನನ್ನು ಕೆಣಕಿದರು. ಸುತ್ತ ಇದ್ದವರು ನಕ್ಕರು. ಸೊಸೆ ತಲೆ ತಗ್ಗಿಸಿದಳು.

ಮಾವ ಕೈಗೆ ಮೆತ್ತಿದ್ದ ಪಾಲಿಶ್ ಪೇಸ್ಟನ್ನು ನಿಧಾನವಾಗಿ ಒರೆಸಿಕೊಂಡರು.

"ಇಷ್ಟು ವರ್ಷ ನನ್ನ ಕೆಲಸ ನೋಡೋಕೆ ಬಂದೋರೆಲ್ಲ ಅದರಲ್ಲಿ ತಮ್ಮ ಮುಖ ನೋಡ್ಕೊಂಡು, ತಲೆ ಬಾಚ್ಕೊಂಡು ಹೋದ್ರು ಸಾರ್" ಎಂದರು. "ಕೆಲಸ ನೋಡಿದ್ದು ಇವಳೊಬ್ಬಳೇ."