ಮೇಸ್ತ್ರಿಯ ಟ್ಯಾಂಕು

"ಇದನ್ನ ಕೂರಿಸ್ತೀಯಾ? ಅಡುಗೆಮನೇಲಿ ಎಣ್ಣೆ ತುಂಬಿಡೋಕೆ ಲಾಯಕ್ಕು ಇದು," ಎಂದು ಬೆಸುಗೆ ಕೆಲಸದ ಮೇಸ್ತ್ರಿ, ಮಗಳು ಪೇಟೆಯಿಂದ ತಂದಿದ್ದ ಪ್ಲಾಸ್ಟಿಕ್ಕಿನ ಪೆಟ್ರೋಲ್ ಟ್ಯಾಂಕನ್ನು ಕಾಲಿನಿಂದ ಸರಿಸಿದ.

"ಹಾಗಾದ್ರೆ ನೀನೇ ಮಾಡಿಕೊಡು. ಇಲ್ಲ ಅಂದ್ರೆ ಇದನ್ನೇ ಹಾಕ್ಕೊಂಡು ಹೋಗ್ತೀನಿ."

ಷೆಡ್ಡಿನ ನಡುವೆ ಮೂತಿ ಬಿಚ್ಚಿಕೊಂಡು ನಿಂತಿತ್ತು ಡ್ರ್ಯಾಗ್ ರೇಸಿನ ಕಾರು. ನೇರ ದಾರಿಯಲ್ಲಿ ಕಣ್ಣು ಮುಚ್ಚಿ ತೆರೆಯುವುದರೊಳಗೆ ಓಟ ಮುಗಿಸುವಂಥದು. ಕಟ್ಟಿದವನು ಹಿರಿಯ ಮಗ. ಹೋದ ವರ್ಷ ಅದೇ ಕಾರು ಗೋಡೆಗೆ ಬಡಿದು ಅವನು ಹೋದ. ಅಪ್ಪ ಮಾಡಿಕೊಟ್ಟಿದ್ದ ಟ್ಯಾಂಕು ಜಜ್ಜಿಹೋಗಿದ್ದರೂ ಒಂದು ಹನಿಯೂ ಸೋರಿರಲಿಲ್ಲ. ಮಗನನ್ನು ಮಣ್ಣು ಮಾಡಿ ಬಂದ ದಿನವೇ ಯಾರೋ, "ಏನೇ ಹೇಳಿ ಮೇಸ್ತ್ರಿ, ಬೆಸುಗೆ ಅಂದ್ರೆ ನಿಮ್ದು," ಎಂದಿದ್ದರು. ಆ ಹೊಗಳಿಕೆ ಇನ್ನೂ ಗಂಟಲಲ್ಲಿ ಮುಳ್ಳಾಗಿ ನಿಂತಿತ್ತು.

ಈಗ ತಂಗಿ ಅಣ್ಣನ ಸೀಟಿನಲ್ಲಿ ಕೂರಬೇಕಂತೆ. ಮೇಸ್ತ್ರಿ ಬೈದು ನೋಡಿದ, ಮಾತು ಬಿಟ್ಟು ನೋಡಿದ, ಊಟ ಬಿಟ್ಟು ನೋಡಿದ. ಅವಳು ಜಗ್ಗಲಿಲ್ಲ. ಸೊಟ್ಟಗಾಗಿದ್ದ ಕಾರನ್ನು ತಾನೇ ನೆಟ್ಟಗೆ ಮಾಡಿ ನಿಲ್ಲಿಸಿದ್ದಳು.

ಕಡೆಗೆ ಅವನು ಅಲ್ಯೂಮಿನಿಯಂ ತಗಡು ತೆಗೆದ. ಓಟ ಒಂದೇ ಉಸಿರಿನದು, ಚಿಕ್ಕ ಟ್ಯಾಂಕು ಸಾಕು. ಮೂತಿಯ ಒಳಗೆ, ಎಲ್ಲಕ್ಕಿಂತ ಮುಂದೆ ಕೂರಿಸಿದ. ಪೆಟ್ರೋಲು ಹೊರಡುವ ಪೈಪನ್ನು ಟ್ಯಾಂಕಿನ ಹಿಂಬದಿಯ ತಳಕ್ಕೆ ಹಚ್ಚಿದ.

"ಅಲ್ಲೇ ಯಾಕೆ?" ಎಂದಳು ಮಗಳು.

"ಬಸ್ಸು ಹೊರಟಾಗ ನಿಂತ ಜನ ಹಿಂದಕ್ಕೆ ವಾಲಲ್ವಾ? ಪೆಟ್ರೋಲೂ ಹಂಗೇ. ಎಲ್ಲಿಗೆ ಓಡುತ್ತೋ ಅಲ್ಲೇ ಹಿಡೀಬೇಕು." ಎಷ್ಟೋ ದಿನಗಳ ಮೇಲೆ ಅವಳು ನಕ್ಕಳು. ಮೇಸ್ತ್ರಿ ಮುಖ ತಿರುಗಿಸಿದ.

ಒಂದನ್ನು ಮಾತ್ರ ಅವನು ಹಾಕಲಿಲ್ಲ. ಟ್ಯಾಂಕಿನ ನೆತ್ತಿಯಲ್ಲಿ ಗಾಳಿಯಾಡುವ ಕೊಳವೆಗೆ ಒಂದು ವಾಲ್ವು ಇರಬೇಕು. ಕಾರು ಮಗುಚಿದರೆ ಅದರೊಳಗಿನ ಗುಂಡು ಜಾರಿ ಕೊಳವೆಯ ಬಾಯಿ ಮುಚ್ಚುತ್ತದೆ. ಇಲ್ಲವಾದರೆ ಕಾದ ಇಂಜಿನ್ನಿನ ಮೇಲೆ ಪೆಟ್ರೋಲು ಸುರಿಯುತ್ತದೆ. ವಾಲ್ವಿಲ್ಲದ ಕಾರನ್ನು ತಪಾಸಣೆಯಲ್ಲೇ ಹಿಂದಕ್ಕೆ ಕಳಿಸುತ್ತಾರೆ. ತಪಾಸಣೆ ಮಾಡುವವನಿಗೆ ಭೂತಗನ್ನಡಿ ಎಂದೇ ಅಡ್ಡಹೆಸರು. ಒಂದು ಸ್ಕ್ರೂ ಸಡಿಲವಿದ್ದರೂ ಬಿಡುವವನಲ್ಲ. ಮಗಳನ್ನು ತಡೆಯುವ ಕೆಲಸ ಅವನೇ ಮಾಡಲಿ. ರೇಸಿನ ಬೆಳಿಗ್ಗೆ ಮೇಸ್ತ್ರಿ ಕಣ್ಣು ಮುಚ್ಚಿ, ಇವತ್ತು ಅವನ ಕಣ್ಣು ಚುರುಕಾಗಿರಲಿ ದೇವರೇ ಎಂದು ಬೇಡಿಕೊಂಡ. ಮೋಸಕ್ಕೆ ದೇವರನ್ನು ಜೊತೆಗೆ ಕರೆಯುತ್ತಿದ್ದೇನೆಂದು ಗೊತ್ತಿದ್ದೂ ಬೇಡಿಕೊಂಡ.

ಭೂತಗನ್ನಡಿ ಬೆಲ್ಟು ಜಗ್ಗಿ ನೋಡಿದ, ಚಕ್ರ ಅಲ್ಲಾಡಿಸಿದ, ಹೆಲ್ಮೆಟ್ಟಿನೊಳಗೆ ಕೈಹಾಕಿ ತಡವಿದ. ಮೂತಿಯ ಹತ್ತಿರ ಬಂದು ಬೆಸುಗೆ ಕಂಡವನೇ ನೆಟ್ಟಗೆ ನಿಂತ.

"ಮೇಸ್ತ್ರಿದಾ? ಇದರಲ್ಲಿ ನಾನೇನು ನೋಡೋದು?"

"ನೋಡಿ ಸಾರ್. ಸರಿಯಾಗಿ ನೋಡಿ."

"ಗೋಡೆಗೆ ಬಡಿದ್ರೂ ಸೋರದ ಕೈ ನಿಮ್ದು. ನಿಮ್ಮನ್ನ ಪರೀಕ್ಷೆ ಮಾಡೋಷ್ಟು ದೊಡ್ಡವನಲ್ಲ ನಾನು, ಸುಮ್ನಿರಿ," ಎಂದು ಮೇಸ್ತ್ರಿಯ ಭುಜ ತಟ್ಟಿ, ಗಾಜಿಗೆ ಒಪ್ಪಿಗೆಯ ಚೀಟಿ ಅಂಟಿಸಿ ಮುಂದಿನ ಕಾರಿಗೆ ಹೋದ.

ಕಾರುಗಳ ಸಾಲು ಮುಂದಕ್ಕೆ ಸರಿಯತೊಡಗಿತು. ಮೇಸ್ತ್ರಿ ಪಕ್ಕದಲ್ಲೇ ನಡೆದ, ಆಮೇಲೆ ಓಡಿದ, ಕಿಟಕಿಗೆ ಕೈಹಾಕಿ ಹಿಡಿದುಕೊಂಡ.

"ಇಳಿ ಮಗಾ."

"ಮತ್ತೆ ಶುರು ಮಾಡ್ಬೇಡಪ್ಪ."

"ಟ್ಯಾಂಕಿಗೆ ವಾಲ್ವು ಹಾಕಿಲ್ಲ."

ಅವಳು ಹೆಲ್ಮೆಟ್ಟಿನ ಗಾಜು ಮೇಲೆತ್ತಿದಳು. "ಮರೆತ್ಯಾ?"

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬೆಳಿಗ್ಗೆ ಮೋಸಕ್ಕೆ ದೇವರನ್ನು ಬೇಡಿಕೊಂಡ ಬಾಯಿ ಇನ್ನೊಂದು ಸುಳ್ಳಿಗೆ ಒಪ್ಪಲಿಲ್ಲ.

"ಇಲ್ಲ. ಬೇಕಂತಲೇ ಬಿಟ್ಟೆ. ಅವರು ನಿನ್ನ ವಾಪಸ್ ಕಳಿಸ್ತಾರೆ ಅಂದ್ಕೊಂಡಿದ್ದೆ."

ಮಗಳು ಇಂಜಿನ್ನು ಆರಿಸಿದಳು. ಕಾರಿನಿಂದ ಇಳಿದು ಹಿಂದಿನ ಕಾರಿನ ಮೆಕ್ಯಾನಿಕ್ಕನನ್ನು ಕರೆದಳು. "ಅಣ್ಣಾ, ನಿಮ್ಹತ್ರ ಟ್ಯಾಂಕಿನ ವಾಲ್ವು ಇದ್ಯಾ?"

"ಮೇಸ್ತ್ರಿ ಮಗಳು ನನ್ಹತ್ರ ಸಾಮಾನು ಕೇಳೋ ಕಾಲ ಬಂತಾ?" ಎಂದು ನಗುತ್ತಾ ಬಂದವನು ಅಪ್ಪ ಮಗಳ ಮುಖ ನೋಡಿ ನಗು ನುಂಗಿಕೊಂಡ. ಪೆಟ್ಟಿಗೆ ಕೆದಕಿ ವಾಲ್ವು ತಂದ.

ಮೇಸ್ತ್ರಿ ಕೈ ಚಾಚಿದ. "ಕೊಡಪ್ಪ, ಹಾಕ್ತೀನಿ."

"ಬೇಡ," ಎಂದಳು ಮಗಳು, ಅವನ ಕಡೆ ನೋಡದೆ. "ನೀವೇ ಹಾಕಿ ಅಣ್ಣಾ. ಹಂಗೇ ಟ್ಯಾಂಕು ಪೂರ್ತಿ ಒಂದ್ಸಲ ನೋಡ್ಬಿಡಿ. ಜಾಯಿಂಟು, ಪೈಪು, ಎಲ್ಲಾ."

ಅವನು ಹಿಂಜರಿದು ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ವಾಲ್ವು ಕೂರಿಸಿದ ಮೇಲೆ ಆತ ಹೆಬ್ಬೆರಳನ್ನು ಬೆಸುಗೆಯ ಮೇಲಿಟ್ಟು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದ. ಮೂಲೆ ಬಂದಲ್ಲೆಲ್ಲ ನಿಂತು, ಮುಖ ಹತ್ತಿರ ತಂದು ನೋಡಿದ. ಮಗಳು ಆ ಬೆರಳನ್ನೇ ಕಣ್ಣು ಮಿಟುಕಿಸದೆ ಹಿಂಬಾಲಿಸುತ್ತಿದ್ದಳು. ಮೇಸ್ತ್ರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬೇರೆ ಯಾರದೋ ಕಾರು ನೋಡಲು ಬಂದವನ ಹಾಗೆ ನಿಂತಿದ್ದ.