ಸೊಸೆಯ ದೀರ್ಘ ಪೂಜೆ

ಲಾಕ್‌ಡೌನ್‌ನಲ್ಲಿ ಶಾಲೆ ಮುಚ್ಚಿತೆಂದು ಎಲ್ಲರೂ ಹೇಳಿದರು. ಮುಚ್ಚಿರಲಿಲ್ಲ. ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ಪೇಟೆಯಿಂದ ಎದ್ದು ಮೀನಲಳ ಅಡುಗೆಮನೆಗೆ ಬಂದು ಕುಳಿತಿತ್ತು, ಅಷ್ಟೆ. ಆರನೆಯ ತರಗತಿಯ ಮಗಳು ದಾನೇಶ್ವರಿ ಹಿಟ್ಟಿನ ಡಬ್ಬದ ಪಕ್ಕ, ಎರಡನೆಯ ತರಗತಿಯ ಭರತ ಗ್ಯಾಸ್ ಸಿಲಿಂಡರಿನ ಪಕ್ಕ. ಶಾಲೆಯವರು ಮಾಡಿದ ವಾಟ್ಸಾಪ್ ಗುಂಪಿನ ಹೆಸರು ‘ಮಾತಾ ಪಾಲಕ’. ತಂದೆಯರಿಗೆ ಗುಂಪಿರಲಿಲ್ಲ, ಅವರಿಗೆ ಕೆಲಸವಿತ್ತು.

ಮೀನಲಳಿಗೂ ಇತ್ತು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದಳು, ವ್ಯಾಪಾರಿ ಮನೆತನಗಳ ಹೆಂಗಸರ ದುಡಿಮೆಯ ಮೇಲೆ ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದಳು. ಶ್ರಾವಣ ಆಗಷ್ಟೇ ಶುರುವಾಗಿತ್ತು; ಆ ಶುಕ್ರವಾರ ಆನ್‌ಲೈನಿನಲ್ಲಿ ಸಮಿತಿಯ ಮುಂದೆ ಅದನ್ನು ಮಂಡಿಸಬೇಕಿತ್ತು. ತಪ್ಪಿದರೆ ನೋಂದಣಿಯೇ ರದ್ದು. ಒಂದು ತಾಸು ಮಕ್ಕಳನ್ನು ನೋಡಿಕೊಳ್ಳಿ ಎಂದು ಗಂಡ ನೀಲಕಂಠನನ್ನು ಕೇಳಿದಳು.

“ಅಂಗಡಿ ಬಿಟ್ಟು ಹ್ಯಾಂಗ ಬರಲಿ? ಕಿರಾಣಿ ಅಂದ್ರ ಅತ್ಯಾವಶ್ಯಕ ಸೇವಾ, ಸರಕಾರನ ಅಂದದ. ನೀ ಹೆಂಗೂ ಮನ್ಯಾಗ ಇರತಿ.”

ಸರಕಾರ ಹೆಂಡತಿಯರ ಬಗ್ಗೆ ಏನೂ ಅಂದಿರಲಿಲ್ಲ.

ಯಾರೂ ಕರೆಯದ ಜಾಗ ಆ ಮನೆಯಲ್ಲಿ ಒಂದೇ, ದೇವರ ಕೋಣೆ. ಎಡ ಅಂಗೈ ಮೇಲೆ ಇಷ್ಟಲಿಂಗವಿಟ್ಟು ಕುಳಿತವರನ್ನು ಹಾಲು ಉಕ್ಕಿದರೂ ಕೂಗಬಾರದು. ಅದು ಅತ್ತೆ ಪ್ರಯಾಗಬಾಯಿಯ ಕಟ್ಟಳೆ. ಮೊದಲೆಲ್ಲ ಕುಕ್ಕರ್ ಎರಡು ಸೀಟಿ ಹೊಡೆಯುವುದರೊಳಗೆ ಮುಗಿಯುತ್ತಿದ್ದ ಮೀನಲಳ ಪೂಜೆ, ಮಕ್ಕಳ ಶಾಲೆ ಮನೆಗೆ ಬಂದಂದಿನಿಂದ ಉದ್ದವಾಗುತ್ತ ಹೋಯಿತು. ಪೂಜೆಯನ್ನೇನೋ ಮನಸ್ಸಿಟ್ಟೇ ಮಾಡುತ್ತಿದ್ದಳು. ಆಮೇಲೆ ಲಿಂಗವನ್ನು ಕೊರಳಿನ ಕರಡಿಗೆಗೆ ಸೇರಿಸಿ, ಸೆರಗಿನ ಮರೆಯಲ್ಲಿ ಫೋನು ತೆರೆದು ಪ್ರಬಂಧ ತಿದ್ದುತ್ತಿದ್ದಳು.

ಅತ್ತೆಗೆ ಹಿಗ್ಗೋ ಹಿಗ್ಗು. ಯೆಣೆಗೂರಿನಲ್ಲಿದ್ದ ತಂಗಿ ಶಿವಗಂಗಾಬಾಯಿಗೆ ಫೋನು ಮಾಡಿ, “ನಮ್ಮ ಸೊಸಿ ತಾಸಗಟ್ಲೆ ಕೂಡತಾಳ ನೋಡವಾ. ಆ ಪಿಎಚ್‌ಡಿ-ಗಿಚ್‌ಡಿ ಎಲ್ಲಾ ಬಿಟ್ಟಾಳ ಕಾಣಸ್ತದ. ರೋಗ ಬಂದು ಬುದ್ಧಿ ತಂತು” ಎಂದಿದ್ದಳು.

ಶುಕ್ರವಾರ ಮಕ್ಕಳ ಮುಂದೆ ಲ್ಯಾಪ್‌ಟಾಪ್ ಇಟ್ಟು, ತಾನು ಫೋನು ಹಿಡಿದು ಮೀನಲ ದೇವರ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡಳು. ಮಂಡನೆ ಸುಸೂತ್ರವಾಗಿಯೇ ನಡೆಯಿತು. ಕೊನೆಗೆ ಗಡ್ಡದ ಪ್ರೊಫೆಸರರೊಬ್ಬರು ಕೇಳಿದರು: ಮನೆಗೆಲಸವನ್ನು ದುಡಿಮೆ ಎನ್ನಬಹುದೇ ಮ್ಯಾಡಮ್? ಅದು ಪ್ರೀತಿಯಿಂದ ಮಾಡುವುದಲ್ಲವೇ? ಅವರು ಕೇಳುತ್ತಿರುವಾಗಲೇ ಬಳೆ ತೊಟ್ಟ ಕೈಯೊಂದು ಅವರ ಪಕ್ಕದಲ್ಲಿ ಚಹಾ ಇಟ್ಟು ಮರೆಯಾಯಿತು. ಪ್ರೊಫೆಸರರು ಅತ್ತ ತಿರುಗಲಿಲ್ಲ.

ಮೀನಲಳಿಗೆ ತಾನು ಎಲ್ಲಿ ಕುಳಿತಿದ್ದೇನೆಂಬುದು ಮರೆತುಹೋಯಿತು. ದನಿ ಏರಿಸಿ ಮರಾಠಿಯಲ್ಲಿ ಉತ್ತರ ಕೊಡತೊಡಗಿದಳು. ಆ ಮನೆಯಲ್ಲಿ ಮರಾಠಿ ಏನಿದ್ದರೂ ಶಾಲೆಗೆ, ಬ್ಯಾಂಕಿಗೆ, ಬಸ್ ಕಂಡಕ್ಟರನಿಗೆ. ದೇವರೊಡನೆ ಯಾರೂ ಆಡಿದವರಲ್ಲ. ಪ್ರಯಾಗಬಾಯಿ ಗಾಬರಿಯಾಗಿ ಬಾಗಿಲು ತಳ್ಳಿದಳು. ಸೊಸೆಯ ಎಡ ಅಂಗೈ ಮೇಲೆ ಗಡ್ಡದ ಗಂಡಸೊಬ್ಬ ಚಹಾ ಕುಡಿಯುತ್ತಿದ್ದ.

ನಿಲ್ಲಿಸಿದರೆ ಇಷ್ಟು ವರ್ಷದ್ದು ಮಣ್ಣುಪಾಲು. ಮೀನಲ ಅತ್ತೆಯ ಮುಖ ನೋಡುತ್ತಲೇ ಮುಂದುವರಿಸಿದಳು: ಅಂಗಡಿಯ ತೊಗರಿಬೇಳೆಯನ್ನು ಆಳು ಹಸನು ಮಾಡಿದರೆ ಪಗಾರ ಕೊಡುತ್ತಾರೆ ಸರ್; ಸೊಸೆ ಮಾಡಿದರೆ ಒಳ್ಳೆಯ ಮನೆತನದವಳು ಅನ್ನುತ್ತಾರೆ.

ಮದುವೆಯಾಗಿ ಬಂದಂದಿನಿಂದ ಆ ಬೇಳೆ ಹಸನು ಮಾಡುತ್ತಲೇ ಇದ್ದ ಪ್ರಯಾಗಬಾಯಿ ನಿಂತೇ ಕೇಳಿದಳು. ಆಮೇಲೆ ಹೊರಗಿನಿಂದ ಬಾಗಿಲು ಎಳೆದುಕೊಂಡಳು. ಭರತ ಮಮ್ಮಿ ಮಮ್ಮಿ ಎಂದು ಅಳುತ್ತ ಬಂದದ್ದು ಕೇಳಿಸಿತು.

“ಸುಮ್ಕಿರು. ನಿಮ್ಮವ್ವ ಪೂಜಾದಾಗ ಅದಾಳ.”

ಸಮಿತಿ ಒಪ್ಪಿತು. ನಾಲ್ಕನೆಯ ಅಧ್ಯಾಯವನ್ನು ಮಾತ್ರ ಒಂದು ತಿಂಗಳಲ್ಲಿ ಮತ್ತೆ ಬರೆದು ಕೊಡಬೇಕು.

“ಮುಗೀತೇನ ನಿನ್ನ ಪೂಜಾ?” ಹೊರಗೆ ಬಂದವಳನ್ನು ಅತ್ತೆ ಕೇಳಿದಳು.

“ಇಲ್ರೀ ಅತ್ತಿ, ಇನ್ನಾ ಒಂದು ತಿಂಗಳದ್ದು ಅದ. ಇವತ್ತು ನಿಮ್ಮ ಮಗನಿಗಿ ಖರೇ ಹೇಳಿಬಿಡತೀನಿ.”

“ಹುಚ್ಚಿ ಇದ್ದಿ ಏನು? ಓದಲಿಕ್ಕ ಅಂದ್ರ ಅಂವಾ ತಾಸು ಕೊಡಲಿಲ್ಲ. ದೇವರಿಗಿ ಅಂದ್ರ ಇಡೀ ಶ್ರಾವಣ ಕೊಡತಾನ.”

ರಾತ್ರಿ ಊಟದ ಹೊತ್ತಿಗೆ ಪ್ರಯಾಗಬಾಯಿ ಮಗನಿಗೆ ಹೇಳಿದಳು: ಸೊಸೆ ಶ್ರಾವಣದ ಅನುಷ್ಠಾನ ಹಿಡಿದಿದ್ದಾಳೆ, ದಿನಾ ಬೆಳಿಗ್ಗೆ ಎರಡು ತಾಸು.

ನೀಲಕಂಠ ಎಂಜಲು ಕೈಯಲ್ಲೇ ನಮಸ್ಕಾರ ಮಾಡಿದ. “ಮೊದಲ ಹೇಳಬೇಕಿಲ್ಲೇನು? ಮಕ್ಕಳಿಗಿ ನಾ ಅಂಗಡಿಗಿ ಕರಕೊಂಡು ಹೋಗತೀನಿ. ದೇವರ ಕೆಲಸ ಅದು, ಅಡ್ಡ ಬರಬಾರದು.”

ಎರಡು ತಾಸು ಸಿಕ್ಕಿತ್ತು. ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಮೀನಲ ಅದನ್ನು ನುಂಗಿಕೊಂಡು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು, ಈ ಮನುಷ್ಯನನ್ನು ನಾಲ್ಕನೆಯ ಅಧ್ಯಾಯದಲ್ಲಿ ಎಲ್ಲಿ ಸೇರಿಸಲಿ ಎಂದು ಯೋಚಿಸುತ್ತ.