ಗೊಂಗ್ ಅಜ್ಜಿಯ ಕರೆಂಟ್ ಕಂಬಳಿ

ಮೆಟ್ಟಿಲ ಮೇಲೆ ಹತ್ತಿ ಸುಟ್ಟ ವಾಸನೆ ಬಂದರೆ ಯಾರ ಮನೆ ಎಂದು ನಾನು ಕೇಳಬೇಕಾಗಿಲ್ಲ. ಮೂರನೇ ಮಹಡಿಯ ಗೊಂಗ್ ಅಜ್ಜಿಯ ಮನೆಯೇ. ನನ್ನ ಹೆಸರು ಥಾವ್. ಚೀನಾದ ಶಾಶಿ ಊರಿನ ಹಳೇ ಬಟ್ಟೆ ಗಿರಣಿಯ ವಸತಿಯಲ್ಲಿ ಆರು ವರ್ಷದಿಂದ ನಮ್ಮ ಕಟ್ಟಡದ ಉಸ್ತುವಾರಿ ನನ್ನದು. ಸಂಬಳವಿಲ್ಲ, ಬೈಗುಳ ಬೇಕಾದಷ್ಟು. ನಮ್ಮ ಕಡೆ ಚಳಿಗಾಲದಲ್ಲಿ ಗೋಡೆಯೂ ಬೆವರುತ್ತದೆ. ಅದಕ್ಕೇ ಎಲ್ಲರ ಮನೆಯಲ್ಲೂ ಹಾಸಿಗೆ ಮೇಲೆ ಒಳಗೆ ತಂತಿಯಿರುವ, ಪ್ಲಗ್ ಹಾಕಿದರೆ ಬಿಸಿಯಾಗುವ ಒಂದು ಕರೆಂಟ್ ಕಂಬಳಿ, ಅದರ ಮೇಲೆ ದುಪ್ಪಟಿ. ಅದೇನೋ ಸರಿ. ಆದರೆ ಗೊಂಗ್ ಅಜ್ಜಿಯ ಕಂಬಳಿಗೆ ಮೂವತ್ತೆಂಟು ವರ್ಷ!

"ಏನೇ ಥಾವ್, ನಾಯಿ ಹಂಗೆ ಮೂಸ್ಕೊಂಡು ಬಂದ್ಯಾ?" ಎನ್ನುತ್ತ ಅಜ್ಜಿ ಬಾಗಿಲು ತೆಗೆದಳು.

"ಮತ್ತೆ ಸುಟ್ಟಿದೆ ಅಲ್ವಾ ಅಜ್ಜಿ?"

"ಒಂದು ಕಾಸಗಲ. ತೇಪೆ ಹಾಕ್ದೆ. ಎಲ್ಲಿದೆ ಹುಡುಕು ನೋಡೋಣ!"

ನಿಜಕ್ಕೂ ಸಿಗಲಿಲ್ಲ. ಅಜ್ಜಿ ಗಿರಣಿಯಲ್ಲಿ ಬಟ್ಟೆ ಪರೀಕ್ಷೆ ಮಾಡುತ್ತಿದ್ದವಳು. ನೇಯ್ಗೆಯ ತಪ್ಪು ಹುಡುಕಿ ಸೂಜಿಯಿಂದ ಮುಚ್ಚುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಆ ಕಂಬಳಿಯಲ್ಲಿ ಅಂಥ ತೇಪೆ ಹನ್ನೊಂದಿವೆಯಂತೆ. ಅದನ್ನೂ ಹೆಮ್ಮೆಯಿಂದ ಹೇಳಿದಳು. ನನಗೆ ತಲೆ ಚಿಟ್ಟು ಹಿಡಿಯಿತು.

ಹೊಸ ಕಂಬಳಿ ಇಲ್ಲವೇ? ಇದೆ, ಬೀರುವಿನಲ್ಲಿ ಮೂರಿವೆ. ಅಜ್ಜಿಯ ಮಗಳು ದೂರದ ಗುವಾಂಗ್‌ಡಾಂಗ್‌ನಲ್ಲಿ ದುಡಿಯುತ್ತಾಳೆ. ಮೊಮ್ಮಗಳು ಯಾನ್‌ಲಿಂಗ್ ವುಹಾನ್‌ನಲ್ಲಿದ್ದಾಳೆ, ಎರಡು ವರ್ಷಕ್ಕೊಂದು ಕಂಬಳಿ ಕಳಿಸುತ್ತಾಳೆ. ಅಜ್ಜಿ ಪೆಟ್ಟಿಗೆಯ ಧೂಳು ಒರೆಸಿ ಒಳಗಿಡುತ್ತಾಳೆ. ಕೇಳಿದರೆ, "ಚೆನ್ನಾಗಿರೋದನ್ನ ಬಿಸಾಕಿ ಹೊಸದು ಹಾಸ್ಕೊಳ್ಳೋಕೆ ನಾನೇನು ಜಮೀನ್ದಾರನ ಹೆಂಡ್ತಿನಾ?" ಎನ್ನುತ್ತಾಳೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಒಳ್ಳೆಯ ಮಾತೇ. ಆದರೆ ಹಾಸಿಗೆ ಉದ್ದವಾದ ಮೇಲೂ ಈಕೆ ಕಾಲು ಮಡಚಿಕೊಂಡೇ ಮಲಗಿದ್ದಾಳೆ, ಏನು ಮಾಡೋಣ?

ಇಷ್ಟು ದಿನ ಅವಳೊಬ್ಬಳ ಜೀವದ ಮಾತಾಗಿತ್ತು. ಈ ಸಲ ಹೊಸ ವರ್ಷದ ಹಬ್ಬಕ್ಕೆ ಯಾನ್‌ಲಿಂಗ್ ತನ್ನ ಮೂರು ವರ್ಷದ ಮಗಳು ಥಾಂಗ್‌ಥಾಂಗ್‌ಳನ್ನು ಕರೆತರುವವಳಿದ್ದಳು. ಮಗು ಮುತ್ತಜ್ಜಿಯ ಪಕ್ಕದಲ್ಲೇ ಮಲಗಬೇಕು, ಅದೂ ಆ ಕಂಬಳಿಯ ಮೇಲೆ. ಹಾಸಿಗೆ ಒದ್ದೆ ಮಾಡುವ ವಯಸ್ಸು ಬೇರೆ.

ಮರುದಿನ ಮಧ್ಯಾಹ್ನ ಯಾನ್‌ಲಿಂಗ್ ಮಗಳೊಂದಿಗೆ ಬಂದಳು. ನಾನು ಮೆಟ್ಟಿಲಲ್ಲೇ ತಡೆದು ಎಲ್ಲ ಹೇಳಿದೆ. ಅವಳು ದಡದಡ ಹತ್ತಿ ಹೋಗಿ ದುಪ್ಪಟಿ ಕಿತ್ತಳು.

"ಅಜ್ಜೀ! ಹೊಸದರ ಬೆಲೆ ಎಷ್ಟು ಗೊತ್ತಾ? ನಾನು ಅಂಗಡೀಲಿ ಕುಡಿಯೋ ಆರು ಲೋಟ ಹಾಲು ಚಹಾದ ದುಡ್ಡು! ಅಷ್ಟಕ್ಕೆ ಮನೆ ಸುಡ್ತೀಯಾ?"

ಅಜ್ಜಿಯ ಮುಖ ಸಣ್ಣಗಾಯಿತು. ಕಂಬಳಿಯ ಮೇಲೇ ಕೂತುಬಿಟ್ಟಳು.

"ಆರು ಲೋಟ ಚಹಾ. ಹೂಂ. ನಿಮ್ಮಮ್ಮಂಗೆ ಚಳಿಗೆ ಬೆರಳು ಊದಿ ಒಡೀತಿದ್ವು, ಪೆನ್ಸಿಲ್ ಹಿಡಿಯೋಕಾಗ್ತಿರ್ಲಿಲ್ಲ. ನಾನೂ ನಿಮ್ಮ ತಾತನೂ ಆರು ತಿಂಗಳು ಮಾಂಸ ಬಿಟ್ಟು, ಬರೀ ಉಪ್ಪಲ್ಲಿ ಹಾಕಿಟ್ಟ ಸೊಪ್ಪು ನಂಚ್ಕೊಂಡು ಅನ್ನ ತಿಂದು ತಂದಿದ್ದು ಇದು. ಇಡೀ ಕಟ್ಟಡ ಬಂದು ಕೈಯಿಟ್ಟು ನೋಡ್ಕೊಂಡು ಹೋಯ್ತು. ಹೋಗ್ಲಿ ಬಿಡು, ನೀನು ಚಹಾ ಕುಡಿ."

"ನಾನು ಹಂಗಲ್ಲ ಅಂದಿದ್ದು..."

"ಮತ್ತೆ ಹೆಂಗೆ?"

ನನಗೆ ಇಬ್ಬರ ಮೇಲೂ ಸಿಟ್ಟು ಬಂತು. "ಒಬ್ಬಳು ಏನೂ ಬಿಸಾಡಲ್ಲ, ಇನ್ನೊಬ್ಬಳು ನಾಲಿಗೆಗೆ ಬಂದದ್ದೆಲ್ಲ ಬಿಸಾಡ್ತಾಳೆ! ಜಗಳ ಆಡ್ತಾ ಇರಿ, ಮಗು ಸುಟ್ಕೊಳ್ಳಲಿ!" ಎಂದು ಕೂಗಿ ಕೆಳಗೆ ಹೋಗಿ ಪಾನ್ ಮೇಸ್ತ್ರಿಯನ್ನು ಎಳೆದುಕೊಂಡು ಬಂದೆ. ಅವನು ಗಿರಣಿಯಲ್ಲಿ ವಿದ್ಯುತ್ ಕೆಲಸ ಮಾಡಿದವನು.

ಪಾನ್ ವಾದ ಮಾಡಲಿಲ್ಲ. ಪ್ಲಗ್ ಕಿತ್ತು, ಕಂಬಳಿಯನ್ನು ಕಿಟಕಿ ಪಕ್ಕದ ಮೇಜಿನ ಮೇಲೆ ಹರಡಿದ.

"ಒಂದೇ ಒಂದು ತೇಪೆ ಬಿಚ್ಚಲಾ ಅಕ್ಕ?"

"ಬಿಚ್ಚು. ನನ್ನ ಹೊಲಿಗೇಲಿ ಏನು ತಪ್ಪಿದೆ ನೋಡೇಬಿಡು."

ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಒಳಗೆ ಹತ್ತಿ ಕಪ್ಪಗೆ ಕರಕಲಾಗಿತ್ತು. ಪಾನ್ ಉಗುರಿನಿಂದ ತಂತಿ ಮುಟ್ಟಿದರೆ ಮೇಲಿನ ಹೊದಿಕೆ ಪುಡಿಪುಡಿಯಾಗಿ ಉದುರಿತು.

"ಇದು ಆರು ವರ್ಷ ಬಾಳೋ ಸಾಮಾನು ಅಕ್ಕ. ಆಮೇಲೆ ಹೊದಿಕೆ ಒಣಗುತ್ತೆ. ಮಡಚಿದಲ್ಲೆಲ್ಲ ತಂತಿ ಮುರಿದು ಕಿಡಿ ಹಾರುತ್ತೆ. ಇಲ್ನೋಡಿ, ನಿಮ್ಮ ಸೂಜಿ ಹೊದಿಕೆಗೇ ಚುಚ್ಚಿದೆ. ಮಗು ಒದ್ದೆ ಮಾಡಿದ್ರೆ ಕರೆಂಟು ಇಲ್ಲಿಂದಲೇ ಬರೋದು."

ಅಜ್ಜಿ ಕನ್ನಡಕ ಹಾಕಿಕೊಂಡಳು. ಉಳಿದ ಹತ್ತು ತೇಪೆಯನ್ನೂ ತಾನೇ ಬಿಚ್ಚಿದಳು. ಎಲ್ಲದರ ಒಳಗೂ ಅದೇ ಕಪ್ಪು.

"ಕೆಂಪು ಸೀಸದಕಡ್ಡಿ ಇದೆಯಾ?" ಎಂದು ಕೇಳಿದಳು. ಗಿರಣಿಯಲ್ಲಿ ಸರಿಮಾಡಲಾಗದ ಬಟ್ಟೆಗೆ ಕೆಂಪು ಗೆರೆ ಎಳೆಯುತ್ತಿದ್ದಳಂತೆ. ಯಾರ ಬಳಿಯೂ ಇರಲಿಲ್ಲ. ಯಾನ್‌ಲಿಂಗ್ ತನ್ನ ತುಟಿಬಣ್ಣ ತೆಗೆದುಕೊಟ್ಟಳು. ಅಜ್ಜಿ ಕಂಬಳಿಯ ಈ ಮೂಲೆಯಿಂದ ಆ ಮೂಲೆಗೆ ಗೆರೆ ಎಳೆದು, "ರದ್ದು," ಎಂದಳು. ಆ ತುಟಿಬಣ್ಣದ ಬೆಲೆ ಎಷ್ಟೆಂದು ಮೊಮ್ಮಗಳು ಈ ಸಲ ಹೇಳಲಿಲ್ಲ, ಪುಣ್ಯ.

ಪಾನ್ ತಂತಿ ಕತ್ತರಿಸಿದ. ಕಸದಿಂದ ಇನ್ನೊಬ್ಬರು ಎತ್ತಿಕೊಂಡು ಹೋಗಬಾರದೆಂದು ಕಂಬಳಿಯನ್ನೂ ಎರಡು ತುಂಡು ಮಾಡಿದ. ಹೊಸದನ್ನು ಮಡಿಕೆ ಇಲ್ಲದಂತೆ ಹಾಸಿ, ಹಾಸಿಗೆ ಬೆಚ್ಚಗಾದ ಮೇಲೆ, ಮಲಗುವ ಮೊದಲೇ ಆರಿಸಬೇಕೆಂದು ಅಜ್ಜಿಯ ಬಾಯಿಂದಲೇ ಮೂರು ಸಲ ಹೇಳಿಸಿದ. ಅಜ್ಜಿ ಅದರ ಮೇಲೆ ಅಂಗೈ ಇಟ್ಟು, "ಬಿಸಿ ಬೇಗ ಬರುತ್ತೆ," ಎಂದು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡಳು. ಉಳಿದ ಎರಡು ಪೆಟ್ಟಿಗೆ ಕೆಳಮಹಡಿಯ ಮುದುಕರಿಗೆ ಹೋದವು.

"ಆ ಆರು ತಿಂಗಳು ಅಮ್ಮ ಏನು ತಿಂದಳು ಅಜ್ಜಿ?" ಎಂದು ಯಾನ್‌ಲಿಂಗ್ ಕೇಳಿದಳು.

"ಅವಳಿಗೆ ದಿನಾ ಒಂದು ಮೊಟ್ಟೆ ಕೊಡ್ತಿದ್ವಿ. ಅವಳಿಗ್ಯಾಕೆ ಉಪವಾಸ?"

ಯಾನ್‌ಲಿಂಗ್ ಅತ್ತಳು. ಈ ಮಾತು ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳ ಕಿವಿಗೆ ಬಿದ್ದಿರಲಿಲ್ಲ.

ಓದುತ್ತಿರುವವರೇ, ನಿಮಗೇ ಹೇಳುತ್ತಿದ್ದೇನೆ. ಇವತ್ತೇ ಹೋಗಿ ನಿಮ್ಮ ಹಿರಿಯರ ಹಾಸಿಗೆಯ ದುಪ್ಪಟಿ ಎತ್ತಿ ನೋಡಿ. ಕಂಬಳಿಗೆ ಆರು ವರ್ಷ ದಾಟಿದ್ದರೆ, ಸುಟ್ಟ ಕಲೆ ಇದ್ದರೆ, ತೇಪೆ ಬೇಡ, ನೆವ ಬೇಡ, ತೆಗೆಯಿರಿ. ಪೆಟ್ಟಿಗೆ ಕಳಿಸಿ ಕೈ ತೊಳೆದುಕೊಳ್ಳಬೇಡಿ, ಅದು ಬೀರುವಿಗೆ ಹೋಗುತ್ತದೆ. ನೀವೇ ಬಿಚ್ಚಿ, ನೀವೇ ಹಾಸಿ. ಹೊಸದು ಎಷ್ಟು ಅಗ್ಗ ಎಂದು ಮಾತ್ರ ಹೇಳಬೇಡಿ. ಹಳೆಯದನ್ನು ಹೇಗೆ ತಂದಿರಿ ಎಂದು ಕೇಳಿ, ಪೂರ್ತಿ ಕೂತು ಕೇಳಿ. ಆಮೇಲೆ ಕತ್ತರಿ ಹಿಡಿಯಿರಿ.